ಚಳಿಯಲ್ಲಿ ನಿಮ್ಮ ಮನೆಗೆ

ಕುಳ್ಳ,

ನಿನಗೆ ಹುಷಾರಿಲ್ಲವೆಂದು ನಿನ್ನೆ ಕಿವಿಗೆ ಬಿತ್ತು. ಮಾತು ಬಿಟ್ಟು ವರ್ಷಗಳೇ ಆಗಿದ್ದರೂ ಬೆಳಗಾಗುತ್ತಲೇ ಬೈಕ್ ಹತ್ತಿದೆ. ದಾರಿಯಿಡೀ ಮಂಜು, ಹಲ್ಲು ಕಟಕಟ ಅನ್ನುತ್ತಿತ್ತು. ನಿನಗೆ ಮೊದಲು ಏನು ಹೇಳಲಿ ಎಂದು ಹೆಲ್ಮೆಟ್ಟಿನೊಳಗೇ ಗೊಣಗಿಕೊಳ್ಳುತ್ತಾ ಬಂದೆ.

ನಿಮ್ಮ ಮನೆ ಬಾಗಿಲಲ್ಲಿ ಇಳಿದಾಗ ಬೆರಳು ಮರಗಟ್ಟಿ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲಾಗಲಿಲ್ಲ. ನಿನ್ನಮ್ಮನೇ ಬಂದು, ಮಗುವಿಗೆ ಬಿಚ್ಚುವಂತೆ ಬಿಚ್ಚಿದರು.

“ಅವನು ಹೋಗಿ ವಾರ ಆಯ್ತಲ್ಲೋ. ಯಾರೂ ಹೇಳ್ಲಿಲ್ವಾ?”

ನಾನು ಗೋಡೆ ಹಿಡಿದು ಕೂತೆ. ಅವರು ಬೆಚ್ಚನೆಯ ನೀರು ತಂದು ನನ್ನ ಕೈಗಳನ್ನು ಅದರಲ್ಲಿ ಅದ್ದಿದರು. ಬೆರಳಿಗೆ ಜೀವ ಬಂದಂತೆಲ್ಲ ಉರಿ ಹೆಚ್ಚಿತು.

“ಕೊನೆಕೊನೆಗೆ ಬೈಕ್ ಸದ್ದು ಕೇಳಿದ್ರೆ ಬಾಗಿಲ ಕಡೆ ನೋಡ್ತಿದ್ದ. ಅವನಿಗೇನೋ ಹೇಳೋಕೆ ಬಂದ್ಯೇನಪ್ಪಾ?”

“ಇಲ್ಲಮ್ಮ, ಸುಮ್ನೆ ಬಂದೆ,” ಅಂದೆ.