ಹನ್ನೆರಡು ನಿಮಿಷದ ಸರೋವರ

ವಾಗೆನಿಂಗನ್
೬ ಫೆಬ್ರವರಿ ೨೦೨೨

ಪ್ರೀತಿಯ ಪದ್ಮಿನಿ,

ನಿನ್ನ ಕಾಗದ ಬಂದು ಐದು ವಾರವಾಯಿತು. ಲಾಕ್‌ಡೌನ್, ಕ್ವಾರಂಟೈನ್, ನಮ್ಮ ಸಾತ್ವಿಕನ ಆನ್‌ಲೈನ್ ಶಾಲೆ ಎಂದು ನೆಪಗಳನ್ನು ಬರೆದು ಹರಿದು ಹಾಕಿದೆ. ಫೋನಿನಲ್ಲಿ ನಿನ್ನ ದನಿ ಕೇಳುವ ಧೈರ್ಯ ಬರಲಿಲ್ಲ. ಅಪ್ಪನಿಲ್ಲದ ಮನೆಯಲ್ಲಿ ನೀನೂ ತನುಶ್ರೀಯೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ?

ನಿನ್ನ ಕಾಗದ ಓದಿ ಓದಿ, ನಿನ್ನ ಮುರಳೀಧರ ಹೋದ ದಿನ ನನಗೆ ಬಾಯಿಪಾಠವಾಗಿದೆ. ನೀನು ಸರೋವರದ ಆಚೆ ದಡದ ಶಾಲೆಯಲ್ಲಿ ಅಡುಗೆ ಕೆಲಸದಲ್ಲಿದ್ದೆ. ಗಾಲಿಕುರ್ಚಿಯಲ್ಲಿ ಒಬ್ಬನೇ ಇದ್ದವನಿಗೆ ಉಸಿರು ಕಟ್ಟಿ, ಮುನಿಸಿಪಾಲಿಟಿಯವರು ಕೈಗೆ ಕಟ್ಟಿದ್ದ ತುರ್ತು ಕರೆಯ ಗುಂಡಿ ಒತ್ತಿದ. ಬೇಸಿಗೆಯವರೆಗೂ ಆ ಕರೆಗೆ ಓಡಿ ಬರುವ ಆರೈಕೆ ಕೇಂದ್ರ ನಿಮ್ಮ ದಡದಲ್ಲೇ ಇತ್ತು. ಸೆಪ್ಟೆಂಬರಿನಲ್ಲಿ ಅದನ್ನು ಆಚೆ ದಡದ ಕೇಂದ್ರಕ್ಕೆ ಸೇರಿಸಿದರು. ಉತ್ತರದ ನಿಮ್ಮ ಚಳಿಯಲ್ಲಿ ಡಿಸೆಂಬರಿಗೇ ಸರೋವರ ಹೆಪ್ಪುಗಟ್ಟಿ, ಕಾರು ದಾಟಿಸುವ ಫೆರಿ ದೋಣಿ ನಿಂತಿತು, ಮಂಜುಗಡ್ಡೆ ಇನ್ನೂ ಕಾರು ಹೊರುವಷ್ಟು ಗಟ್ಟಿಯಾಗಿರಲಿಲ್ಲ. ಆರೈಕೆಯವರು ಸರೋವರ ಸುತ್ತಿ ಬರಲು ಐವತ್ತೈದು ನಿಮಿಷ ಹಿಡಿಯಿತು.

ಕೌನ್ಸಿಲ್ ಸಭೆಯಲ್ಲಿ ನೀನು ಎದ್ದು ಯಾಕಿಷ್ಟು ತಡವಾಯಿತು ಎಂದು ಕೇಳಿದ್ದಕ್ಕೆ ಅಧ್ಯಕ್ಷೆ, "ವರದಿ ಪ್ರಕಾರ ಆಚೆ ದಡದಿಂದ ಹನ್ನೆರಡು ನಿಮಿಷ" ಎಂದಳಂತೆ. ನಂಬಿ ಕೇಂದ್ರ ಮುಚ್ಚಿದ ಆ ವರದಿ ನೆದರ್‌ಲ್ಯಾಂಡ್ಸಿನ ಯಾವುದೋ ಕಂಪನಿಯದಂತೆ. ಕೊನೆಗೆ ನೀನು ಬರೆದಿದ್ದೀಯ: "ಅನು, ನೀನು ಅಲ್ಲೇ ಇದೀಯಲ್ಲ. ಆ ಮ್ಯಾಪ್ ಮಾಡ್ದೋರು ಯಾರು ಅಂತ ಹುಡುಕಿ ಹೇಳು. ಬೈಯಲ್ಲ ಕಣೇ, ಒಂದ್ಸಲ ಮುಖ ನೋಡ್ಬೇಕು."

ಹುಡುಕುವುದೇನು ಬಂತು. ನಾನೇ ಮಾಡಿದ್ದು.

ನಿಮ್ಮ ಮುನಿಸಿಪಾಲಿಟಿಯ ನಕ್ಷೆ ಕೆಲಸ ನಮ್ಮ ಕಂಪನಿಗೆ ಬಂದಾಗ ಒಳಗೊಳಗೇ ಹಿಗ್ಗಿದ್ದೆ. ಹೊರಗೆ ಹೇಳಬಾರದೆಂಬ ಕರಾರಿತ್ತು, ಹೇಳಲಿಲ್ಲ. ೨೦೨೧ರ ಜನವರಿಯಲ್ಲಿ ಅಲ್ಲಿಗೆ ಬಂದು ರಸ್ತೆ ನೋಡಬೇಕಿತ್ತು, ಕೊರೋನಾದಿಂದ ಮೊದಲೇ ಪ್ರಯಾಣ ರದ್ದಾಯಿತು. ಅಡುಗೆಮನೆಯ ಮೇಜಿನ ಮುಂದೆ ಕೂತು, ನಕ್ಷೆಯ ಫೆರಿ ಗೆರೆಯನ್ನು ರಸ್ತೆಯ ಲೆಕ್ಕಕ್ಕೆ ಸೇರಿಸಿದೆ. ಇಲ್ಲಿ ನಮ್ಮೂರಿನ ಪಕ್ಕ ರೈನ್ ನದಿ ದಾಟುವ ಫೆರಿಗೆ ಸೈಕಲ್ ಹತ್ತಿಸಿದರೆ ಡಿಸೆಂಬರಿನಲ್ಲೂ ಐದು ನಿಮಿಷಕ್ಕೆ ಆಚೆ ದಡ. ಎಲ್ಲ ನೀರೂ ಹೀಗೇ ಎಂದುಕೊಂಡುಬಿಟ್ಟೆ.

ಮೊನ್ನೆ ಬಾಸ್ ಹತ್ತಿರ ಎಲ್ಲ ಹೇಳಿದೆ. ಆತ ವರದಿ ತೆರೆದು ಪುಟ ನಲವತ್ತೊಂದರ ಅಡಿಟಿಪ್ಪಣಿ ತೋರಿಸಿದ: "ಫೆರಿ ವರ್ಷವಿಡೀ ಓಡುತ್ತದೆಂದು ಭಾವಿಸಲಾಗಿದೆ." "ನೋಡು, ಬರೆದಿದ್ದೀವಲ್ಲ, ನಾವು ಸೇಫ್" ಎಂದು ಕಾಫಿ ತರಲು ಹೋದ. ಆ ಸಾಲು ಬರೆದವಳೂ ನಾನೇ. ನನ್ನ ಮೇಲೇ ಹೇಸಿಗೆಯಾಯಿತು.

ನನ್ನ ಹೆಸರು, ಫೋನ್ ನಂಬರು, ವರದಿಯ ತಪ್ಪು ಎಲ್ಲ ಬರೆದು ಸಹಿ ಹಾಕಿದ ಹೇಳಿಕೆ ಜೊತೆಗಿಟ್ಟಿದ್ದೇನೆ. ಕೌನ್ಸಿಲ್ ಮುಂದೆ ಓದು. ಮುಚ್ಚಿದ ಕೇಂದ್ರವನ್ನಾದರೂ ಅವರು ತೆರೆಯಲಿ. ನೀನು ಕರೆದ ದಿನ ಬಂದು ಮುಖ ತೋರಿಸುತ್ತೇನೆ, ಕರೆಯದಿದ್ದರೆ ಅದೂ ಸರಿಯೇ.

ತನುಶ್ರೀಗೆ ಒಳ್ಳೆಯದಾಗಲಿ. ಆಶೀರ್ವಾದ ಎಂದು ಬರೆಯುವ ಮುಖ ನನಗಿಲ್ಲ.

ನಿನ್ನ
ಅನಸೂಯ

ತಾ.ಕ.: ಚಳಿಗಾಲದಲ್ಲಿ ಫೆರಿ ನಿಲ್ಲುವುದು ಗೊತ್ತಿರಲಿಲ್ಲ ಎಂದು ಹೇಳಿಕೆಯಲ್ಲಿ ಬರೆದಿದ್ದೇನೆ. ಅದು ಸುಳ್ಳು. ೨೦೨೦ರ ಡಿಸೆಂಬರಿನಲ್ಲಿ ನೀನೊಂದು ಫೋಟೋ ಕಳಿಸಿದ್ದೆ. ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಫೆರಿ, ಮುಂದೆ ಗಾಲಿಕುರ್ಚಿಯಲ್ಲಿ ಕೈ ಬೀಸುತ್ತಿದ್ದ ಮುರಳೀಧರ. "ಫೆರಿ ನಿಂತೋಯ್ತು, ಇನ್ನು ನಾವು ದ್ವೀಪದೋರು" ಎಂದು ಕೆಳಗೆ ಬರೆದಿದ್ದೆ. ನಿನ್ನ ಫೋನಿನಲ್ಲಿ ಹುಡುಕಿ ನೋಡು, ಅದರ ಕೆಳಗೆ ನಾನು ಒತ್ತಿದ ಕೆಂಪು ಹಾರ್ಟ್ ಇನ್ನೂ ಇದೆ. ಆಗ ಎದುರಿನ ಲ್ಯಾಪ್‌ಟಾಪಿನಲ್ಲಿ ಅದೇ ಫೆರಿಯ ಗೆರೆ ತೆರೆದಿತ್ತು.