ಅಪ್ಪನ ಪ್ಯಾಂಟಿನ ಎಡಮಗ್ಗುಲು

ಹೊಲಿಗೆ ಅಂಗಡಿಯ ಮಹಡಿಯಿಂದ,
೧೨ನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಭಾವ ಈಗಲೂ ಅದಕ್ಕೆ ನಿನ್ನ ಬಾಯಿಯೇ ಕಾರಣ ಎನ್ನುತ್ತಾರೋ? ಇಲ್ಲಿನ ಕ್ಷೇಮ ತಿಳಿಸುವ ಮೊದಲು ಮನಃಸಾಕ್ಷಿಯ ಕಟಕಟೆಯಲ್ಲಿ ಕೈಕಟ್ಟಿ ನಿಂತು ಒಂದು ಅಪರಾಧ ಒಪ್ಪಿಕೊಳ್ಳುತ್ತೇನೆ: ಕಳೆದ ವಾರ ಅಪ್ಪನ ಹೊಸ ಬೂದು ಪ್ಯಾಂಟನ್ನು ಕದ್ದು ಕಾಲೇಜಿನ ಸಭೆಗೆ ಹಾಕಿಕೊಂಡು ಹೋದೆ. ಸೊಂಟ ಸರಿಯಿತ್ತು, ಉದ್ದ ಸರಿಯಿತ್ತು. ಎಡತೊಡೆಯ ಮೇಲ್ಗಡೆ ಮಾತ್ರ ಧಾರಾಳವಾಗಿ ಗಾಳಿಯಾಡುತ್ತಿತ್ತು. ಊರಿಗೆಲ್ಲ ಅಳತೆ ತಪ್ಪದೆ ಹೊಲಿಯುವ ಟೈಲರು ತನ್ನದರಲ್ಲೇ ತಪ್ಪುವುದೆಂದರೇನು? ಮನೆಗೆ ಬಂದು ಅವರ ಪ್ಯಾಂಟುಗಳನ್ನೆಲ್ಲ ತಿರುವಿ ನೋಡಿದೆ. ಪ್ರತಿಯೊಂದಕ್ಕೂ ಎಡಗಡೆ ಒಂದು ತುಂಡು ಬಟ್ಟೆ ಕೂಡಿಸಿದ್ದಾರೆ. ಪ್ಯಾಂಟು ಹೊಸದಾದಷ್ಟೂ ತುಂಡು ಅಗಲ. ಕೇಳಿದರೆ ಕತ್ತರಿ ಕೆಳಗಿಡದೆ, ಫ್ಯಾಷನ್ ಎಂದರು. ಬೆನ್ನು ಬಿಡದೆ ಕೇಳಿದಾಗ ವೃಷಣದ ಊತದ ಗುಟ್ಟು ಹೊರಬಿತ್ತು. ಬಟ್ಟೆ ಅಗಲಿಸಿಕೊಂಡೇ ಕಾಯಿಲೆಗೆ ಮದ್ದು ಮಾಡುತ್ತಿದ್ದರು ಪುಣ್ಯಾತ್ಮರು. ಅಮ್ಮ ಇದ್ದಿದ್ದರೆ ಮೊದಲ ತುಂಡಿನಲ್ಲೇ ಸಿಕ್ಕಿಬೀಳುತ್ತಿದ್ದರು.

ತಜ್ಞರನ್ನು ಹುಡುಕುವ ಹೊಣೆ ನನ್ನ ಹೆಗಲಿಗೆ ಬಿತ್ತು. ಔಷಧಿ ಅಂಗಡಿಯಲ್ಲಿ ಮಾನವಂತನಾಗಿ 'ಸ್ವಲ್ಪ ಕೆಳಗಡೆ ಊತ' ಎಂದೆ. ಆತ ಮಂಡಿಗೆ ಮುಲಾಮು ಕೊಟ್ಟ. ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಷ್ಟರ ಹತ್ತಿರ ಇನ್ನೂ ನಯವಾಗಿ ವಿಚಾರಿಸಿದೆ. ಹೃದಯದ ಡಾಕ್ಟರ ವಿಳಾಸ ಕೊಟ್ಟರು. ಸಭ್ಯತೆ ಹೆಚ್ಚಿದಷ್ಟೂ ರೋಗ ಮೇಲಕ್ಕೇರುತ್ತದೆಂದು ಮನಗಂಡು, ಬೀದಿಕೊನೆಯ ಮುದಿ ಡಾಕ್ಟರ ಮುಂದೆ 'ಹೈಡ್ರೋಸಿಲ್' ಎಂದು ಕೂಗಿಯೇಬಿಟ್ಟೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, ಇದಕ್ಕೆ ಮೂತ್ರಾಂಗದ ಸರ್ಜನ್ ಬೇಕು, ಅಂದಹಾಗೆ ನನಗೆ ಕಿವಿ ಚೆನ್ನಾಗಿ ಕೇಳುತ್ತದೆ, ಎಂದರು.

ನಿನ್ನೆ ಸರ್ಜನ್ ಎದುರು ಅಪ್ಪ ಗುಂಡಿ ಬಿಚ್ಚಲು ಒಪ್ಪಲೇ ಇಲ್ಲ. ಆದರೆ ಪಕ್ಕದಲ್ಲಿ ನಾನು ಬಂಡೆಯಂತೆ ನಿಂತಿದ್ದೆನಲ್ಲ, ಕೊನೆಗೆ ಮಣಿದರು. ಸರ್ಜನ್ ದೀಪ ಆರಿಸಿ ಊತಕ್ಕೆ ಪುಟ್ಟ ಟಾರ್ಚ್ ಹಿಡಿದರು. ಬೆಳಕು ಹಾದು ಕೆಂಪಗೆ ಕಂಡರೆ ಒಳಗಿರುವುದು ನೀರು ಎಂದರ್ಥವಂತೆ. ಸ್ಕ್ಯಾನಿನಲ್ಲೂ ಅದೇ ಬಂತು. ನೇಯ್ಗೆ ನೋಡಲು ನಾವೂ ಬಟ್ಟೆಯನ್ನು ಹೀಗೇ ಬೆಳಕಿಗೆ ಹಿಡಿಯುತ್ತೇವೆ ಎಂದು ಅಪ್ಪ ತಲೆದೂಗಿದರಂತೆ. ನೀರು ತೆಗೆದು, ಅದು ತುಂಬಿದ್ದ ಚೀಲದ ಅಂಚು ಮಗುಚಿ ಹೊಲಿಯುವ ಸಣ್ಣ ಆಪರೇಷನ್. ಎದುರಾಳಿಯ ನೀರಿಳಿಸುವುದು ನಮ್ಮ ಮನೆತನದ ವಿದ್ಯೆಯೇ ಆದರೂ ಇದಕ್ಕೆ ಪರಿಣತರೇ ಬೇಕು ನೋಡು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹೊಲಿಗೆ ನೀವೇ ಹಾಕ್ತೀರೋ, ಅಸಿಸ್ಟೆಂಟ್ ಕೈಗೆ ಕೊಡ್ತೀರೋ?" ತಾವೇ ಎಂದ ಮೇಲೆ ಒಪ್ಪಿದರು. ಆಪರೇಷನ್ ಶುಕ್ರವಾರ ಬೆಳಿಗ್ಗೆಗೆ ನಿಗದಿಯಾಗಿದೆ. ನಾನಿರುವಾಗ ನಿನಗೇಕೆ ಚಿಂತೆ?

ಭಾವನಿಗೆ ನಮಸ್ಕಾರ, ನಿನಗೆ ವಯಸ್ಸಿಗೆ ತಕ್ಕಷ್ಟು ಗೌರವ.

ನಿನ್ನ ತಮ್ಮ

ತಾ.ಕ.: ಗುರುವಾರ ಸಂಜೆಯೊಳಗೆ ದಯವಿಟ್ಟು ಬಂದುಬಿಡು. ಟಾರ್ಚ್ ಹೊತ್ತಿದ್ದಷ್ಟೇ ನನಗೆ ನೆನಪು. ಮುಂದಿನದೆಲ್ಲ ಅಪ್ಪನನ್ನು ಕೇಳಿ ಬರೆದದ್ದು. ಕಣ್ಣು ಬಿಟ್ಟಾಗ ರೋಗಿಯ ಮಂಚದ ಮೇಲೆ ನಾನಿದ್ದೆ. ಅಪ್ಪ ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡು ಇನ್ನೊಂದರಿಂದ ನನಗೆ ಗಾಳಿ ಹಾಕುತ್ತಿದ್ದರು. ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಸರ್ಜನ್ ಗದರಿದ್ದಕ್ಕೆ ನನ್ನತ್ತ ಬೆರಳು ತೋರಿಸಿ ಹೇಳಿದರು: "ಮನೇಲಿರೋದು ಇವನೊಬ್ಬನೇ ಸಾರ್. ಇವನಿಗೆ ಹೇಗೆ ಹೇಳ್ಲಿ?"