ಕೆನ್ನೆ ಸವರಿದರೆ ಹೋಗುವ ಕರೆ

ಗಂಜಾಂ, ಶ್ರೀರಂಗಪಟ್ಟಣ
೧೩ ಜೂನ್ ೨೦೨೫

ಪ್ರೀತಿಯ ತನುಶ್ರೀ,

ನಮ್ಮ ಕಂಪನಿಯ ವಕೀಲರ ನೋಟಿಸು ಪಾಂಡವಪುರದ ನಿನ್ನ ಮನೆಗೆ ತಲುಪಿ ಎಂಟು ದಿನವಾಗಿರಬೇಕು. ನೀನು ಫೋನ್ ಮಾಡಲಿಲ್ಲ. ಮಾಡಿದ್ದರೂ ನಾನು ಎತ್ತುತ್ತಿರಲಿಲ್ಲ. ಅದಕ್ಕೇ ಈ ಕಾಗದ.

ಓದು ಬಾರದ ಹೆಂಗಸರಿಗೆಂದು ನೀನು ಮಾಡಿದ ಆ್ಯಪಿನಲ್ಲಿ ಅಕ್ಷರವಿಲ್ಲ, ಅಂಕಿಯಿಲ್ಲ. ಪರದೆಯ ಮೇಲೆ ತಮ್ಮವರ ಮುಖಗಳಷ್ಟೇ. ಕೆನ್ನೆ ಸವರಿದರೆ ಅವರಿಗೆ ಕರೆ ಹೋಗುತ್ತದೆ. ಅದನ್ನು ನಮ್ಮಿಂದ ಕದ್ದಿದ್ದೀಯ ಎನ್ನುತ್ತದೆ ನೋಟಿಸು. ಪೇಟೆಂಟು ಕಂಪನಿಯದು. ಕಂಡುಹಿಡಿದವರ ಜಾಗದಲ್ಲಿ ನನ್ನೊಬ್ಬಳದೇ ಹೆಸರು.

ಕಾಲೇಜಿನ ಕೊನೆಯ ವರ್ಷ ಪ್ರಾಜೆಕ್ಟಿಗೆಂದು ಗೋವಿಂದನಹಳ್ಳಿಯ ನಿನ್ನಜ್ಜಿ ಚಲುವಮ್ಮನವರ ಬಳಿ ಹೋಗಿದ್ದೆವಲ್ಲ. ನಾನು ದೊಡ್ಡ ದೊಡ್ಡ ಗುಂಡಿಗಳ ಪರದೆ ಬರೆದು ತೋರಿಸಿದೆ. "ಇವೆಲ್ಲ ನಂಗೆಲ್ಲಿ ಗೊತ್ತಾಯ್ತವೆ ಕಣವ್ವ, ಮೊಕ ತೋರ್ಸು" ಎಂದು ಅಜ್ಜಿ ಫೋನಿನಲ್ಲಿದ್ದ ನಿನ್ನಮ್ಮನ ಫೋಟೋದ ಕೆನ್ನೆಯನ್ನು ಹೆಬ್ಬೆರಳಿನಿಂದ ಸವರಿದರು. ನಾನು ನಕ್ಕೆ. ನೀನು ನಗಲಿಲ್ಲ. "ಇಂಗೆ ಸವರುದ್ರೇನೇ ಫೋನ್ ಹೋಗ್ಬೇಕು ಕಣೆ" ಅಂದೆ ನೀನು.

ಕೆಲಸಕ್ಕೆ ಸೇರಿದ ಮೂರನೇ ತಿಂಗಳು, ಹೊಸದೇನಾದರೂ ತೋರಿಸೆಂದು ಮ್ಯಾನೇಜರ್ ಮಹದೇವಸ್ವಾಮಿ ಪಟ್ಟುಹಿಡಿದಾಗ ಅದನ್ನೇ ತೋರಿಸಿದೆ. ಯಾರ ಯೋಚನೆ ಎಂದು ಕೇಳಿದರು. ನನ್ನದು ಅಂದೆ. ಆಮೇಲೆ ಆ ಮಾತಿನಿಂದ ಹೊರಗೆ ಬರುವ ದಾರಿ ಸಿಗಲೇ ಇಲ್ಲ.

ಪೇಟೆಂಟಿನ ಪ್ರತಿಗೆ ಅಪ್ಪ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಬಂದವರನ್ನೆಲ್ಲ ನಿಲ್ಲಿಸಿ, "ನೋಡ್ಲಾ, ನನ್ ಮಗಳೇ ಕಂಡಿಡ್ದಿರದು, ಸರ್ಕಾರ್ದೋರೇ ಬರ್ಕೊಟ್ಟವ್ರೆ" ಅನ್ನುತ್ತಾರೆ. ನಾನು ಅದರ ಕೆಳಗೇ ಕೂತು ಊಟ ಮಾಡುತ್ತೇನೆ.

ಈಗ ನಾನು ಕೋರ್ಟಿಗೆ ಪ್ರಮಾಣಪತ್ರ ಕೊಡಬೇಕಂತೆ, ಇದು ನನ್ನೊಬ್ಬಳದೇ ಯೋಚನೆ, ಯಾರ ನೆರವೂ ಇರಲಿಲ್ಲ ಎಂದು. ಕೊಟ್ಟರೆ ನೀನು ಕಳ್ಳಿ, ಕೊಡದಿದ್ದರೆ ನಾನು. ಸೋಮವಾರದವರೆಗೆ ಸಮಯ ಕೇಳಿದ್ದೇನೆ. ನಿನ್ನನ್ನು ಕೇಳದೆ ಸಹಿ ಮಾಡುವುದಿಲ್ಲ.

ಅಜ್ಜಿಗೆ ಇದೊಂದನ್ನೂ ಹೇಳಬೇಡ.

ಇನ್ನೂ ಹಾಗೆನ್ನಬಹುದಾದರೆ, ನಿನ್ನ ಗೆಳತಿ
ಹೇಮಶ್ರೀ

ತಾ.ಕ.: ಮೇಲೆ ಬರೆದದ್ದು ಸುಳ್ಳು. ಸಹಿ ಬುಧವಾರವೇ ಮಾಡಿದ್ದೇನೆ. ಇದರ ಜೊತೆಗಿರುವುದು ಕೆನ್ನೆ ಸವರುವ ಯೋಚನೆಯನ್ನು ನೀನು ಬರೆದಿಟ್ಟ ನಮ್ಮ ಪ್ರಾಜೆಕ್ಟ್ ಪುಸ್ತಕದ ಹಾಳೆ. ನಿನ್ನ ಕೈಬರಹ, ಮೇಷ್ಟ್ರ ಸಹಿ, ತಾರೀಖು ಎಲ್ಲ ಇದೆ. ಇಷ್ಟು ವರ್ಷ ನಾನೇ ಬಚ್ಚಿಟ್ಟಿದ್ದೆ. ನಾನು ಸುಳ್ಳು ಪ್ರಮಾಣ ಮಾಡಿದೆನೆಂದು ಹೇಳುವ ಧೈರ್ಯ ನನಗಿಲ್ಲ, ಈ ಹಾಳೆ ಹೇಳುತ್ತದೆ. ನಿನ್ನ ವಕೀಲರಿಗೆ ಕೊಟ್ಟುಬಿಡು. ನಕಲು ಇಟ್ಟುಕೊಂಡಿಲ್ಲ.